ತೂತಿನ ಆಪರೇಷನ್ನಿನ ಸಾಮಾನು: ನಮ್ಮ ಕಡೆಯವರು ಕೇಳುತ್ತಲೇ ಇರುವ ಪ್ರಶ್ನೆಗಳು

ಬಳ್ಳಾರಿಯ ಆಪರೇಷನ್ ಥಿಯೇಟರುಗಳಲ್ಲಿ 22 ವರ್ಷದಿಂದ ಸಿಸ್ಟರ್ ಆಗಿದ್ದೇನೆ. ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಲ್ಯಾಪ್ರೋಸ್ಕೋಪಿಯ, ದೇಹದ ದಾರಿಯಿಂದ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯ ಸಾಮಾನುಗಳನ್ನು ತೊಳೆದು, ಜೋಡಿಸಿ, ಡಾಕ್ಟರ ಕೈಗೆ ಕೊಡುವುದು ನನ್ನ ಕೆಲಸ. ವಾರ್ಡಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಜನ ಕೇಳಿದ್ದನ್ನು, ಸಿಂಧನೂರು, ಗಂಗಾವತಿ, ಕುಷ್ಟಗಿ ಕಡೆಯ ನರ್ಸಿಂಗ್ ಹೋಮುಗಳ ಹುಡುಗಿಯರು ಪತ್ರ ಬರೆದು ವಿಚಾರಿಸಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಬಂದೆ. ಮತ್ತೆ ಮತ್ತೆ ಬಂದವು ಇಲ್ಲಿವೆ, ಅವರವರ ಮಾತಿನಲ್ಲೇ. ಯಾರಿಗೆ ಯಾವ ಆಪರೇಷನ್ ಬೇಕೆಂದು ಹೇಳುವವರು ಡಾಕ್ಟರು. ನಾನು ಹೇಳುವುದು ಸಾಮಾನಿನ ಮಾತು.

## ಮೊದಲ ಸಂಶಯಗಳು

ಹೊಟ್ಟಿ ಕೊಯ್ಯಲ್ಲ ಅಂತೀರಿ, ಮತ್ತ ಪಿತ್ತಕೋಶ ಹೆಂಗ ಹೊರಗ ಬರ್ತದ ಸಿಸ್ಟರ್?

ಕೊಯ್ಯುವುದಂತೂ ಉಂಟು, ಸಣ್ಣಗೆ. ಪಿತ್ತಕೋಶಕ್ಕಾದರೆ ಸಾಮಾನ್ಯವಾಗಿ ನಾಲ್ಕು ತೂತು: 10 ಮಿಲಿಮೀಟರಿನವು ಎರಡು, 5 ಮಿಲಿಮೀಟರಿನವು ಎರಡು. ಪ್ರತಿ ತೂತಿನಲ್ಲೂ ಟ್ರೋಕಾರ್ ಎಂಬ ಕೊಳವೆ ಕೂರುತ್ತದೆ. ಅದರೊಳಗೆ ಕವಾಟವಿದೆ. ಸಾಮಾನು ಹೋಗಿ ಬರುತ್ತದೆ, ಹೊಟ್ಟೆಗೆ ತುಂಬಿದ ಗ್ಯಾಸು ಸೋರುವುದಿಲ್ಲ. ಒಳಗೆ ಹೋಗುವ ಇಕ್ಕಳ, ಕತ್ತರಿಗಳು ಒಂದಡಿಗಿಂತ ಸ್ವಲ್ಪ ಉದ್ದ, ಪೆನ್ಸಿಲ್ಲಿಗಿಂತ ತೆಳು.

ಪಿತ್ತಕೋಶ ಮೆತ್ತನೆಯ ಚೀಲ. ಯಕೃತ್ತಿನಿಂದ ಬಿಡಿಸಿದ ಮೇಲೆ ಅದನ್ನು ಇನ್ನೊಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ 10 ಮಿಲಿಮೀಟರ್ ತೂತಿನಿಂದ ಎಳೆಯುತ್ತಾರೆ. ಕಲ್ಲು ದೊಡ್ಡದಿದ್ದರೆ ಚೀಲದೊಳಗೇ ಒಡೆದು ತೆಗೆಯುತ್ತಾರೆ, ಇಲ್ಲವೇ ತೂತನ್ನು ಚೂರು ಹಿಗ್ಗಿಸುತ್ತಾರೆ. ಚೀಲ ಯಾಕೆಂದರೆ, ಕಲ್ಲಾಗಲಿ ಕೀವಾಗಲಿ ಬರುವ ದಾರಿಯಲ್ಲಿ ಚೆಲ್ಲಬಾರದು.

ಹೊಕ್ಕುಳಿನ ಬಳಿ ಹೊಟ್ಟೆಯ ಗೋಡೆ ತೆಳು, ಹಾಗಾಗಿ ಒಂದು ತೂತು ಬಹುಪಾಲು ಅಲ್ಲೇ. ಆಪರೇಷನ್ನಿಗೆ ಬರುವ ಮುಂಚೆ ಹೊಕ್ಕುಳು ತೊಳೆದುಕೊಂಡು ಬನ್ನಿ. ಹಿಂದಿನ ರಾತ್ರಿ ಎರಡು ಹನಿ ಎಣ್ಣೆ ಬಿಟ್ಟು, ಬೆಳಿಗ್ಗೆ ಸೋಪು ಹಾಕಿ ಮೆತ್ತಗೆ ತೊಳೆದರೆ ವರ್ಷಗಟ್ಟಲೆ ಕೂತ ಕೊಳೆ ಬಿಡುತ್ತದೆ.

ಕ್ಯಾಮೆರಾನ ಹೊಟ್ಟೆಯೊಳಗೇ ಬಿಡ್ತಾರಾ?

ಇಲ್ಲ. ಒಳಗೆ ಹೋಗುವುದು ಟೆಲಿಸ್ಕೋಪ್ ಎಂಬ ಉಕ್ಕಿನ ಕೋಲು, 10 ಇಲ್ಲವೇ 5 ಮಿಲಿಮೀಟರ್ ದಪ್ಪ. ಅದರೊಳಗೆ ಗಾಜಿನ ಕಡ್ಡಿಗಳು ಸಾಲಾಗಿ ಕೂತಿವೆ. ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ತೋರಿಸಿದ ಉಪಾಯ ಅದು. ಕ್ಯಾಮೆರಾ ಹೊರಗಿರುವ ತುದಿಗೆ ಕಚ್ಚಿಕೊಂಡಿರುತ್ತದೆ. ಬೆಳಕು ಬೇರೆ ಪೆಟ್ಟಿಗೆಯಿಂದ ಕೇಬಲ್ ಮೂಲಕ ಬರುತ್ತದೆ. ರಾಯಚೂರು ಕಡೆಯವರು ಇದಕ್ಕೆ ದುರ್ಬೀನ್ ಆಪರೇಷನ್ ಅನ್ನುವುದುಂಟು. ಸರಿಯಾದ ಹೆಸರೇ ಅದು.

ಹೊಟ್ಟಿಗೆ ತುಂಬೋದು ಸೋಡಾ ಗ್ಯಾಸಂತಲ್ರೀ, ಖರೇನ?

ಖರೆ, ಎರಡೂ ಕಾರ್ಬನ್ ಡೈಆಕ್ಸೈಡ್. ಆದರೆ ಆಸ್ಪತ್ರೆಗೆ ಬೇಕಾದ್ದು ವೈದ್ಯಕೀಯ ದರ್ಜೆಯದು. ಸೋಡಾ ಅಂಗಡಿಯ, ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ಥಿಯೇಟರಿನೊಳಗೆ ಬರಕೂಡದು. ಈ ಗ್ಯಾಸನ್ನೇ ಆರಿಸಲು ಎರಡು ಕಾರಣ. ಒಳಗೆ ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುತ್ತಾರೆ, ಇದು ಉರಿಯುವುದಿಲ್ಲ. ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ.

ಒತ್ತಡ 12ರಿಂದ 15 ಮಿಲಿಮೀಟರ್ ಪಾದರಸ ದಾಟದಂತೆ ಇನ್ಸಫ್ಲೇಟರ್ ಎಂಬ ಯಂತ್ರ ಕಾಯುತ್ತದೆ. ಹೊಟ್ಟೆ ಗುಡಾರದಂತೆ ಎದ್ದರೆ ಕೈಯಾಡಿಸಲು ಜಾಗ ಸಿಗುತ್ತದೆ. ಮಾರನೇ ದಿನ ಭುಜ ನೋಯುತ್ತದೆಂದು ಬಹಳ ಜನ ಹೆದರುತ್ತಾರೆ. ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಗೂ ಭುಜದ ಚರ್ಮಕ್ಕೂ ನರದ ಬೇರು ಒಂದೇ ಕಡೆಯಿಂದ ಬರುತ್ತದೆ. ಉಳಿದ ಗ್ಯಾಸು ವಪೆಯನ್ನು ಕೆಣಕಿದರೆ ನೋವು ಭುಜದಲ್ಲಿ ಕಾಣುತ್ತದೆ. ಎದ್ದು ಓಡಾಡಿದರೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಎದೆನೋವು, ಉಸಿರಾಟದ ಕಷ್ಟ ಇದ್ದರೆ ಮಾತ್ರ ಕಾಯದೆ ಹೇಳಿ.

ಎಂಡೋಸ್ಕೋಪಿ, ಲ್ಯಾಪ್ರೋಸ್ಕೋಪಿ ಎರಡೂ ಒಂದೇ ಏನ್ರಿ?

ಎಂಡೋಸ್ಕೋಪಿಗೆ ದೇಹದಲ್ಲಿ ಇರುವ ದಾರಿಯೇ ಸಾಕು: ಬಾಯಿ, ಗುದದ್ವಾರ, ಮೂತ್ರದ ದಾರಿ. ಲ್ಯಾಪ್ರೋಸ್ಕೋಪಿಗೆ ಹೊಸ ದಾರಿ ಮಾಡಬೇಕು. ಜಠರ ನೋಡುವ ಎಂಡೋಸ್ಕೋಪ್ ಬಳುಕುವ ಕೊಳವೆ, ಸುಮಾರು ಒಂದು ಮೀಟರ್ ಉದ್ದ. ಅದರ ಹೊಟ್ಟೆಯೊಳಗೆ 2.8 ಮಿಲಿಮೀಟರಿನ ಇನ್ನೊಂದು ಕಾಲುವೆ ಇದೆ. ತುಣುಕು ತೆಗೆಯುವ ಇಕ್ಕಳ, ಗಂಟು ಕತ್ತರಿಸುವ ತಂತಿಕುಣಿಕೆ, ಔಷಧ ಚುಚ್ಚುವ ಸೂಜಿ ಎಲ್ಲವೂ ಅದರಲ್ಲೇ ಇಳಿಯಬೇಕು. ಆ ಕಾಲುವೆಯನ್ನು ನೆನಪಿಡಿ, ಮುಂದೆ ಅದರ ಮಾತು ಬರುತ್ತದೆ.

ಇದು ಈಗಿನ ಫ್ಯಾಷನ್ನಾ, ಮೊದ್ಲಿಂದ ಇದೆಯಾ?

ಹೊಟ್ಟೆಗೆ ಗ್ಯಾಸು ತುಂಬಲು ಈಗಲೂ ಬಳಸುವ ಸೂಜಿಯನ್ನು ಹಂಗೆರಿಯ ಡಾಕ್ಟರ್ ವೆರೆಸ್ 1938ರಲ್ಲಿ ಪ್ರಕಟಿಸಿದ್ದು ಕ್ಷಯರೋಗಿಗಳ ಎದೆಗಾಗಿ. ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶವನ್ನು ಮೊದಲು ತೆಗೆದವರು ಜರ್ಮನಿಯ ಎರಿಕ್ ಮ್ಯೂಹೆ, 1985ರಲ್ಲಿ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಮಾಡಿದರು.

ತೂತಿನದು ಅಂತ ಹೇಳಿ ಕೊನೆಗೆ ಹೊಟ್ಟೆ ಕೊಯ್ದುಬಿಟ್ರು. ಮೋಸ ಅಲ್ವಾ?

ಅಲ್ಲ. ಒಳಗೆ ಅಂಟಿಕೊಂಡಿದ್ದರೆ, ರಕ್ತ ನಿಲ್ಲದಿದ್ದರೆ, ನಾಳ ಯಾವುದೆಂದು ಸ್ಪಷ್ಟವಾಗದಿದ್ದರೆ ಕೊಯ್ದು ನೋಡುವುದೇ ಸರಿ. ಪ್ರತಿ ಲ್ಯಾಪ್ರೋಸ್ಕೋಪಿಗೂ ಪಕ್ಕದಲ್ಲಿ ತೆರೆದ ಆಪರೇಷನ್ನಿನ ಸೆಟ್ಟನ್ನು ತಯಾರಾಗಿ ಇಟ್ಟಿರುತ್ತೇವೆ. ಅಂಥ ನಿರ್ಧಾರ ತಕ್ಷಣ ತೆಗೆದುಕೊಳ್ಳುವ ಡಾಕ್ಟರ ಬಗ್ಗೆ ನನಗೆ ಗೌರವ ಜಾಸ್ತಿ.

## ಒಳಗೇ ಉಳಿಯುವ ವಸ್ತುಗಳು

ಪಿತ್ತಕೋಶಕ್ಕೆ ಹಾಕಿದ ಕ್ಲಿಪ್ ಒಳಗೇ ಇದೆಯಂತೆ. ಎಂಆರ್‌ಐ ಮಾಡಿಸಬಹುದಾ?

ಅವು ಸಾಮಾನ್ಯವಾಗಿ ಟೈಟಾನಿಯಂ ಕ್ಲಿಪ್. ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಜೀವಮಾನವಿಡೀ ಸುಮ್ಮನೆ ಇರುತ್ತದೆ. ಕೆಲವು ಕಡೆ ಪ್ಲಾಸ್ಟಿಕ್ ಜಾತಿಯ ಬೀಗದ ಕ್ಲಿಪ್ ಹಾಕುತ್ತಾರೆ, ಅದಕ್ಕೂ ತೊಂದರೆ ಇಲ್ಲ. ಜಠರದಲ್ಲಿ ರಕ್ತ ನಿಲ್ಲಿಸಲು ಎಂಡೋಸ್ಕೋಪಿಯಲ್ಲಿ ಹಾಕುವ ಕ್ಲಿಪ್ ಬೇರೆ. ಅದು ಕೆಲವು ವಾರಗಳಲ್ಲಿ ತಾನೇ ಬಿದ್ದು ಹೋಗುತ್ತದೆ, ಆದರೆ ಅದರಲ್ಲಿ ಕೆಲವು ಬಗೆಗಳು ಎಂಆರ್‌ಐಗೆ ಆಗಿಬರುವುದಿಲ್ಲ. ಯಾವುದನ್ನೇ ಹಾಕಿಸಿಕೊಂಡಿದ್ದರೂ ಸ್ಕ್ಯಾನ್ ಕೋಣೆಯವರಿಗೆ ಮೊದಲೇ ಹೇಳಿ.

ಕ್ಲಿಪ್, ಹರ್ನಿಯಾ ಜಾಲರಿ, ಸ್ಟೆಂಟ್ ಪ್ಯಾಕೆಟ್ಟಿನ ಮೇಲೆ ಕಂಪನಿ ಹೆಸರು, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಸ್‌ಶೀಟಿಗೆ ಅಂಟಿಸುತ್ತೇವೆ. ಡಿಸ್ಚಾರ್ಜ್ ದಿನ ಅದರ ನಕಲು ಕೇಳಿ ಪಡೆಯಿರಿ.

ನಮ್ಮತ್ತಿಗೆ ಕುಟುಂಬ ಯೋಜನೆ ಆಪರೇಷನ್ನಾಗ ರಿಂಗ್ ಹಾಕ್ಯಾರ. ಅದು ಜಾರಿ ಹೊಟ್ಟ್ಯಾಗ ಬೀಳ್ತದೇನು?

ನಮ್ಮ ಹಳ್ಳಿಗಳಿಗೆ ಲ್ಯಾಪ್ರೋಸ್ಕೋಪಿ ಎಂಬ ಮಾತು ಬಂದದ್ದೇ ಈ ಆಪರೇಷನ್ನಿನಿಂದ. ಫೆಲೋಪ್ ರಿಂಗ್ ಸಿಲಿಕೋನಿನ ಪುಟ್ಟ ಬಳೆ. ಗರ್ಭನಾಳವನ್ನು ಕುಣಿಕೆಯಂತೆ ಎಳೆದು, ಹಿಗ್ಗಿಸಿದ ರಿಂಗನ್ನು ಅದರ ಕೊರಳಿಗೆ ಬಿಡುತ್ತಾರೆ. ಅದು ಬಿಗಿಯಾಗಿ ಕೂತು, ನಾಳದ ಆ ಭಾಗ ಕ್ರಮೇಣ ಒಣಗುತ್ತದೆ. ಅಪರೂಪಕ್ಕೆ ರಿಂಗ್ ಜಾರಿ ಹೊಟ್ಟೆಯಲ್ಲೇ ಉಳಿದರೂ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಮುಟ್ಟು ನಿಂತರೆ ಮಾತ್ರ ‘ಆಪರೇಷನ್ ಆಗೈತಲ್ಲ’ ಎಂದು ಕೂರಬೇಡಿ, ಬೇಗ ಪರೀಕ್ಷೆ ಮಾಡಿಸಿ. ಯಾವ ವಿಧಾನವೂ ನೂರಕ್ಕೆ ನೂರಲ್ಲ, ಮತ್ತು ಆ ಬಸಿರು ನಾಳದಲ್ಲೇ ನಿಂತರೆ ಜೀವಕ್ಕೆ ಅಪಾಯ.

ಕಿಡ್ನಿ ಕಲ್ಲು ತೆಗೆದು ಸ್ಟೆಂಟ್ ಹಾಕ್ಯಾರ. ಏನೂ ತ್ರಾಸಿಲ್ಲ, ಬಿಟ್ಟರ ಆಗಲ್ಲೇನು?

ಆಗಲ್ಲ. ದಯವಿಟ್ಟು ಬಿಡಬೇಡಿ. ಈ ಪ್ರಶ್ನೆಗೆ ಉತ್ತರ ಹೇಳುವಾಗೆಲ್ಲ ನನ್ನ ದನಿ ಏರುತ್ತದೆ.

ಡಿಜೆ ಸ್ಟೆಂಟ್ ಎಂದರೆ ಎರಡೂ ತುದಿ ಸುರುಳಿ ಸುತ್ತಿದ, ಸುಮಾರು 26 ಸೆಂಟಿಮೀಟರ್ ಉದ್ದದ ತೆಳ್ಳನೆ ಕೊಳವೆ. ಒಂದು ಸುರುಳಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ. ಕಲ್ಲು ತೆಗೆದ ಮೇಲೆ ನಾಳ ಬಾತು ಮೂತ್ರ ಕಟ್ಟಬಾರದೆಂದು ಕೆಲವು ವಾರಗಳ ಮಟ್ಟಿಗೆ ಇಡುತ್ತಾರೆ. ಅದು ಒಳಗೇ ಉಳಿದರೆ ಮೂತ್ರದ ಲವಣ ಅದರ ಮೇಲೆ ಕೂರುತ್ತದೆ. ನಮ್ಮ ಬೋರ್ ನೀರು ಕಾಸುವ ಹಂಡೆಯ ಒಳಮೈ ನೋಡಿದ್ದೀರಲ್ಲ, ಹಾಗೆ. ಮೂರು ತಿಂಗಳು ದಾಟಿದ ಮೇಲೆ ಈ ಅಪಾಯ ಏರುತ್ತಲೇ ಹೋಗುತ್ತದೆ. ಕೊನೆಗೆ ಸ್ಟೆಂಟೇ ಕಲ್ಲಾಗಿ, ಕಿಡ್ನಿಯನ್ನೇ ಕಳೆದುಕೊಳ್ಳುವ ಮಟ್ಟಕ್ಕೂ ಹೋಗಬಹುದು.

ಕೊಪ್ಪಳ, ರಾಯಚೂರಿನ ಎಷ್ಟೋ ಮಂದಿ ಬಿಸಿಲಲ್ಲಿ ನೀರು ಕುಡಿಯದೆ ದುಡಿದು ಕಲ್ಲು ಮಾಡಿಕೊಂಡು ಬರುತ್ತಾರೆ. ಕಲ್ಲು ತೆಗೆಸಿಕೊಂಡು, ನೋವು ಹೋಯಿತೆಂದು ಬೆಂಗಳೂರಿಗೋ ಗೋವೆಗೋ ಗುಳೆ ಹೋಗುತ್ತಾರೆ. ಸ್ಟೆಂಟ್ ಮರೆತೇ ಹೋಗುತ್ತದೆ. ತೆಗೆಯುವುದು ನಿಮಿಷಗಳ ಕೆಲಸ: ಮೂತ್ರದ ದಾರಿಗೆ ಮರಗಟ್ಟಿಸುವ ಜೆಲ್ ಹಾಕಿ, ಮೂತ್ರಚೀಲ ನೋಡುವ ಸಿಸ್ಟೋಸ್ಕೋಪಿನಲ್ಲಿ ನೋಡುತ್ತಾ ಇಕ್ಕಳದಿಂದ ಎಳೆದುಬಿಡುತ್ತಾರೆ. ತೆಗೆಸುವ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದು, ಹೆಂಡತಿಗೂ ಮಗನಿಗೂ ಹೇಳಿಡಿ. ದೂರದ ಊರಿನಲ್ಲಿದ್ದರೆ ಅಲ್ಲಿನ ಆಸ್ಪತ್ರೆಯಲ್ಲೇ ತೆಗೆಸಬಹುದು, ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಪಿತ್ತನಾಳಕ್ಕೆ ಹಾಕುವ ಪ್ಲಾಸ್ಟಿಕ್ ಸ್ಟೆಂಟಿಗೂ ಇದೇ ಮಾತು. ಅದನ್ನೂ ಸುಮಾರು ಮೂರು ತಿಂಗಳಲ್ಲಿ ತೆಗೆಸಬೇಕು ಇಲ್ಲವೇ ಬದಲಿಸಬೇಕು.

ಮಗು ನಾಣ್ಯ ನುಂಗಿದೆ. ಬಾಳೆಹಣ್ಣು ತಿನ್ನಿಸಲಾ?

ಬೇಡ, ಕರೆದುಕೊಂಡು ಬನ್ನಿ. ಎಕ್ಸ್‌ರೇಯಲ್ಲಿ ನಾಣ್ಯ ಜಠರ ತಲುಪಿದ್ದು ಕಂಡರೆ ಬಹುಪಾಲು ತಾನೇ ಹೊರಗೆ ಹೋಗುತ್ತದೆ. ಅನ್ನನಾಳದಲ್ಲಿ ಸಿಕ್ಕಿದ್ದರೆ ಎಂಡೋಸ್ಕೋಪಿನ ಕಾಲುವೆಯಿಂದ ಹಲ್ಲಿರುವ ಇಕ್ಕಳವನ್ನೋ ಪುಟ್ಟ ಬಲೆಯನ್ನೋ ಇಳಿಸಿ ತೆಗೆಯುತ್ತಾರೆ.

ನುಂಗಿದ್ದು ಆಟಿಕೆಯ, ರಿಮೋಟಿನ ಬಟನ್ ಸೆಲ್ ಆಗಿದ್ದರೆ ಒಂದು ನಿಮಿಷವೂ ಕಾಯಬೇಡಿ. ಅನ್ನನಾಳದಲ್ಲಿ ಸಿಕ್ಕಿದ ಸೆಲ್ ಎರಡು ಗಂಟೆಯೊಳಗೇ ಒಳಗಿನ ಗೋಡೆಯನ್ನು ಸುಡಬಲ್ಲದು. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆ ಕಳೆದಿರದಿದ್ದರೆ, ಮನೆಯಲ್ಲಿ ಜೇನುತುಪ್ಪ ಇದ್ದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಚಮಚ ಕೊಡುತ್ತಾ ಬನ್ನಿ, ಆರು ಸಲ ಮೀರದಂತೆ. ಜೇನು ಹುಡುಕಲು ನಿಲ್ಲಬೇಡಿ. ಬೇರೇನೂ ತಿನ್ನಿಸಬೇಡಿ, ವಾಂತಿ ಮಾಡಿಸಬೇಡಿ.

## ತೊಳೆಯುವ ಮಾತು

ಒಂದೇ ಸಾಮಾನು ಎಲ್ಲಾರಿಗೂ ಹಾಕ್ತೀರಂತೆ. ಒಬ್ಬರ ರೋಗ ಇನ್ನೊಬ್ಬರಿಗೆ ಬರಲ್ವಾ?

ಸರಿಯಾದ ಪ್ರಶ್ನೆ. ಮರುಬಳಕೆಗೆಂದೇ ಮಾಡಿದ ಉಕ್ಕಿನ ಸಾಮಾನು ನೂರಾರು ಜನಕ್ಕೆ ಬಳಸಿದರೂ ಸುರಕ್ಷಿತ, ನಡುವಿನ ತೊಳೆತ ಸರಿಯಿದ್ದರೆ. ಕ್ರಮ ಹೀಗೆ: ಬಳಸಿದ ಕೂಡಲೇ ಎನ್‌ಝೈಮ್ ದ್ರಾವಣದಲ್ಲಿ ನೆನೆಸುವುದು, ಬಿಡಿಬಿಡಿ ಬಿಚ್ಚುವುದು, ಒಳಕೊಳವೆಗೆ ಬ್ರಷ್ ಹಾಕುವುದು, ಒತ್ತಡದ ನೀರು ಹಾಯಿಸುವುದು, ಒಣಗಿಸುವುದು, ಕಣ್ಣಿಟ್ಟು ನೋಡುವುದು, ಪ್ಯಾಕ್ ಮಾಡಿ ಆಟೋಕ್ಲೇವಿನಲ್ಲಿ 134 ಡಿಗ್ರಿ ಹಬೆಗೆ ಇಡುವುದು. ಹಬೆ ತಾಳದ ಸಾಮಾನಿಗೆ ಪ್ಲಾಸ್ಮಾ ಯಂತ್ರ ಅಥವಾ ಇಟಿಓ (ಎಥಿಲೀನ್ ಆಕ್ಸೈಡ್) ಗ್ಯಾಸು. ಕೊಳೆ ಉಳಿದ ಸಾಮಾನನ್ನು ಯಾವ ಯಂತ್ರವೂ ಶುದ್ಧ ಮಾಡಲಾರದು, ಏಕೆಂದರೆ ಒಣಗಿದ ರಕ್ತದ ಪದರದ ಅಡಿಗೆ ಹಬೆಯೂ ಹೋಗದು, ಔಷಧವೂ ಹೋಗದು. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ರಕ್ತ ಒಣಗಲು ಹತ್ತು ನಿಮಿಷ ಸಾಕು.

2 ಪರ್ಸೆಂಟ್ ಗ್ಲುಟರಾಲ್ಡಿಹೈಡ್ ಎಂಬ ಕ್ರಿಮಿನಾಶಕ ದ್ರಾವಣದಲ್ಲಿ 20 ನಿಮಿಷ ಅದ್ದಿದರೆ ಬಹುತೇಕ ಕ್ರಿಮಿ ಸಾಯುತ್ತವೆ, ಗಟ್ಟಿ ಬೀಜಾಣು ಸಾಯುವುದಿಲ್ಲ. ಅವು ಸಾಯಲು 10 ಗಂಟೆ ಬೇಕು. ಈ 20 ನಿಮಿಷದ ಲೆಕ್ಕ ಹಾಕಿ ನೋಡಿ: ಒಂದೇ ಸ್ಕೋಪಿದ್ದರೆ ಗಂಟೆಗೆ ಮೂರು ಕೇಸೂ ಆಗುವುದಿಲ್ಲ. 2014ರಲ್ಲಿ ಛತ್ತೀಸ್‌ಗಢದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಸಂತಾನಹರಣ ಆಪರೇಷನ್ ಮಾಡಿದರು, 13 ಮಂದಿ ತೀರಿಕೊಂಡರು. ಕಾರಣಗಳ ಬಗ್ಗೆ ವಾದ ಏನೇ ಇರಲಿ, ಅಂಥ ಅವಸರದಲ್ಲಿ ಸಾಮಾನು ಶುದ್ಧವಾಗಲು ಸಮಯವೇ ಇರುವುದಿಲ್ಲ. ಇಂಥ ಶಿಬಿರಗಳನ್ನು ನಿಲ್ಲಿಸುವಂತೆ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆಪರೇಷನ್ ಆಗಿ ತಿಂಗಳಾಯ್ತು, ಗಾಯ ಒಣಗಿತ್ತು. ಈಗ ಅದೇ ತೂತಿನ ಜಾಗದಲ್ಲಿ ಗಂಟಾಗಿ ನೀರು ಸೋರುತ್ತಿದೆ. ಯಾಕೆ?

ತಡಮಾಡದೆ ಡಾಕ್ಟರಿಗೆ ತೋರಿಸಿ, ಮತ್ತು ‘ಮೂರ್ನಾಲ್ಕು ವಾರ ಚೆನ್ನಾಗಿತ್ತು, ಆಮೇಲೆ ಶುರುವಾಯಿತು’ ಎಂಬ ಮಾತನ್ನು ತಪ್ಪದೆ ಹೇಳಿ. ಮಾಮೂಲಿ ಸೋಂಕು ಮೊದಲ ವಾರದಲ್ಲೇ ಕಾಣುತ್ತದೆ. ತಡವಾಗಿ ಬರುವುದರಲ್ಲಿ ಕ್ಷಯದ ಕ್ರಿಮಿಯ ದೂರದ ಬಂಧುಗಳ ಕೈವಾಡ ಇರಬಹುದು. ಅವು ನೀರಿನಲ್ಲಿ, ಮಣ್ಣಿನಲ್ಲಿ ವಾಸಿಸುತ್ತವೆ. ಸಾಧಾರಣ ಆಂಟಿಬಯಾಟಿಕ್ಕಿಗೆ ಬಗ್ಗುವುದಿಲ್ಲ, ಸಾಧಾರಣ ಕಲ್ಚರಿನಲ್ಲಿ ಸುಲಭವಾಗಿ ಕಾಣುವುದಿಲ್ಲ, ಬೇರೆ ಪರೀಕ್ಷೆ ಬೇಕು. ಔಷಧ ತಿಂಗಳುಗಟ್ಟಲೆ, ಕೆಲವೊಮ್ಮೆ ಆ ಜಾಗವನ್ನೇ ಕೊಯ್ದು ತೆಗೆಯಬೇಕಾಗುತ್ತದೆ.

ಬರುವ ದಾರಿ ಇದು: ಸಾಮಾನನ್ನು ಗ್ಲುಟರಾಲ್ಡಿಹೈಡಿನಲ್ಲಿ ಅದ್ದಿ ತೆಗೆದ ಮೇಲೆ ಔಷಧದ ಅಂಶ ಹೋಗಲೆಂದು ನಲ್ಲಿಯ ನೀರಿನಲ್ಲಿ ಜಾಲಿಸುವುದು. ಕೊಂದ ಕ್ರಿಮಿಯ ಜಾಗಕ್ಕೆ ಹೊಸದನ್ನು ಕೂರಿಸಿದಂತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಆಸ್ಪತ್ರೆಯಲ್ಲಿ ನಾನೇ ಹಾಗೆ ಮಾಡುತ್ತಿದ್ದೆ, ಹಾಗೆಂದೇ ಕಲಿಸಿದ್ದರು. ಪಿತ್ತಕೋಶ ತೆಗೆಸಿಕೊಂಡ ಒಬ್ಬ ತಾಯಿ ಹೊಕ್ಕುಳಿಗೆ ಬಟ್ಟೆ ಒತ್ತಿಕೊಂಡು ಎಂಟು ತಿಂಗಳು ಓಡಾಡಿದರು. ಪ್ರತಿ ಸಲ ಬಂದಾಗಲೂ ‘ಮಗಾ, ಇದು ಯಾವಾಗ ಒಣಗ್ತದೆ?’ ಎಂದು ನನ್ನನ್ನೇ ಕೇಳುತ್ತಿದ್ದರು. ಕಾರಣ ತಿಳಿದ ದಿನದಿಂದ ನನ್ನ ಕೈಯಲ್ಲಿ ಕೊನೆಯ ಜಾಲಿಕೆ ಕ್ರಿಮಿಯಿಲ್ಲದ ಸ್ಟೆರೈಲ್ ನೀರಿನಲ್ಲೇ. ಇನ್ನೂ ಒಳ್ಳೆಯದು, ಹಬೆ ತಾಳುವ ಸಾಮಾನನ್ನು ದ್ರಾವಣಕ್ಕೆ ಹಾಕದೆ ಆಟೋಕ್ಲೇವಿಗೇ ಹಾಕುವುದು.

ನಮ್ಮ ಆಸ್ಪತ್ರೇಲಿ ಬೋರ್ ನೀರು. ಸಾಮಾನಿನ ಮೇಲೆ ಬಿಳಿ ಕಲೆ ಕೂತು ಹೋಗುತ್ತಿಲ್ಲ, ಏನು ಮಾಡಲಿ?

ಅದು ಗಡಸು ನೀರಿನ ಸುಣ್ಣ. ಕಲೆಯಷ್ಟೇ ಆದರೆ ಚಿಂತೆಯಿರಲಿಲ್ಲ. ಆ ಪದರ ಕೀಲುಗಳನ್ನು ಬಿಗಿಯುತ್ತದೆ, ಕೊಳೆಗೆ ಆಸರೆಯಾಗುತ್ತದೆ, ಟೆಲಿಸ್ಕೋಪಿನ ಗಾಜನ್ನು ಮಸುಕು ಮಾಡುತ್ತದೆ. ಮೊದಲ ತೊಳೆತಕ್ಕೆ ಬೋರ್ ನೀರು ನಡೆದೀತು, ಆಟೋಕ್ಲೇವಿಗೆ ಹಾಕುವ ಮುಂಚಿನ ಕೊನೆಯ ತೊಳೆತಕ್ಕೆ ಆರ್‌ಓ ಅಥವಾ ಡಿಸ್ಟಿಲ್ಡ್ ನೀರೇ ಬೇಕು. ಆಟೋಕ್ಲೇವಿಗೂ ಅದೇ. ಸಲೈನಿನಲ್ಲಿ ಸಾಮಾನು ನೆನೆಸಿಡಬೇಡಿ, ಉಪ್ಪು ಉಕ್ಕನ್ನು ತಿನ್ನುತ್ತದೆ. ಬ್ಲೀಚಿಂಗ್ ದ್ರಾವಣವೂ ಹಾಗೆಯೇ. ಟೆಲಿಸ್ಕೋಪನ್ನು ಅಲ್ಟ್ರಾಸಾನಿಕ್ ತೊಟ್ಟಿಗೆ ಎಂದೂ ಹಾಕಬೇಡಿ, ಒಳಗಿನ ಗಾಜು ಸಡಿಲವಾಗುತ್ತದೆ.

ಡಿಸ್ಪೋಸಬಲ್ ಅಂತ ಬರೆದಿರೋದನ್ನೂ ಎರಡು ಮೂರು ಸಲ ಬಳಸ್ತಾರೆ. ತಪ್ಪಲ್ವಾ ಮೇಡಂ?

ಒಮ್ಮೆ ಬಳಸಲು ಮಾಡಿದ್ದನ್ನು ಬಿಚ್ಚಿ ತೊಳೆಯಲು ಬರುವುದಿಲ್ಲ. ಮೇಲೆ ಹೊಳೆಯುತ್ತದೆ, ಒಳಗೆ ಏನಿದೆಯೆಂದು ನೋಡುವ ದಾರಿಯೇ ಇಲ್ಲ. ದುಡ್ಡು ಉಳಿಸಬೇಕೆಂದರೆ ಉಕ್ಕಿನ ಟ್ರೋಕಾರ್, ಬಿಚ್ಚಿ ತೊಳೆಯಬಹುದಾದ ಇಕ್ಕಳ ಕೊಳ್ಳಿ. ರೋಗಿಯ ಬಿಲ್ಲಿನಲ್ಲಿ ಹೊಸದರ ದರ ಹಾಕಿ ಹಳೆಯದನ್ನು ಬಳಸುವುದು ಅನ್ಯಾಯ. ಬಳಸಿ ಮುಗಿದ ಪ್ಲಾಸ್ಟಿಕ್ ಸಾಮಾನು ಕೆಂಪು ಚೀಲಕ್ಕೆ, ಚೂಪಾದದ್ದು ಚುಚ್ಚದ ಬಿಳಿ ಡಬ್ಬಿಗೆ.

## ಥಿಯೇಟರಿನಲ್ಲಿ ಕೆಲಸ ಮಾಡುವವರಿಗೆ

ಟೆಲಿಸ್ಕೋಪ್ ಒಳಗೆ ಹಾಕಿದ ಕೂಡಲೇ ಮಂಜು ಕವಿಯುತ್ತೆ, ಡಾಕ್ಟರ್ ಬೈತಾರೆ. ಏನುಪಾಯ?

ಎಸಿ ಕೋಣೆಯಲ್ಲಿ ತಣ್ಣಗಾದ ಗಾಜು 37 ಡಿಗ್ರಿಯ ತೇವದ ಹೊಟ್ಟೆಗೆ ಇಳಿದರೆ ಬೆವರುತ್ತದೆ. ಬಿಸಿ ಸ್ಟೆರೈಲ್ ನೀರಿನ ಫ್ಲಾಸ್ಕ್ ಟೇಬಲ್ಲಿನ ಮೇಲೇ ಇರಲಿ, ತುದಿ ಅದ್ದಿ ಒರೆಸಿ ಕೊಡಿ. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಟ್ಟೆ ತೋರಿಸಿ ಕ್ಯಾಮೆರಾದ ಬಣ್ಣ ಸರಿಪಡಿಸುವುದನ್ನು, ಮರೆಯಬೇಡಿ. ಇಷ್ಟಾದರೂ ಚಿತ್ರ ಮಸುಕಾಗಿದ್ದರೆ ಮಂಜು ಗಾಜಿನ ಹೊರಗಲ್ಲ, ಟೆಲಿಸ್ಕೋಪಿನೊಳಗೆ ನೀರು ನುಗ್ಗಿದೆ. ರಿಪೇರಿಗೆ ಕಳಿಸಿ.

ಹುಕ್ಕಿನ ಕಪ್ಪು ಪ್ಲಾಸ್ಟಿಕ್ ಸ್ವಲ್ಪ ಸಿಪ್ಪೆ ಎದ್ದಿದೆ. ಇವತ್ತೊಂದು ಕೇಸ್ ನಡೆಸಬಹುದಾ?

ಬೇಡ. ಹುಕ್ಕು ಕರೆಂಟಿನಿಂದ ಸುಡುವ ಕೊಕ್ಕೆ. ಆ ಕಪ್ಪು ಹೊದಿಕೆಯೇ ಕರೆಂಟನ್ನು ತುದಿಗೆ ಮುಟ್ಟಿಸುವ ಬೇಲಿ. ಪರದೆಯ ಮೇಲೆ ಕಾಣುವುದು ಸಾಮಾನಿನ ತುದಿ ಮಾತ್ರ. ಹೊದಿಕೆ ಹರಿದ ಕಡೆ ಕರೆಂಟು ಹಾರಿ ಕರುಳು ಸುಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ದಿನಗಳಾದ ಮೇಲೆ ರೋಗಿ ಜ್ವರ, ಹೊಟ್ಟೆ ಉಬ್ಬರದಿಂದ ವಾಪಸ್ ಬರುತ್ತಾರೆ. ದೊಡ್ಡ ಹರಕಿಗಿಂತ ಸೂಜಿಮೊನೆಯಷ್ಟರ ತೂತು ಕೆಟ್ಟದ್ದು, ಅಷ್ಟೂ ಕರೆಂಟು ಒಂದೇ ಬಿಂದುವಿನಲ್ಲಿ ಹಾಯುತ್ತದೆ. ಪ್ರತಿ ಪ್ಯಾಕಿಗೂ ಮುಂಚೆ ಭೂತಗನ್ನಡಿ ಹಿಡಿದು ನೋಡಿ. ಹೊದಿಕೆ ಪರೀಕ್ಷಿಸುವ ಯಂತ್ರ ಇದ್ದರೆ ಇನ್ನೂ ಒಳ್ಳೆಯದು. ಟ್ರೋಕಾರ್ ಪೂರ್ತಿ ಲೋಹದ್ದಿರಲಿ ಇಲ್ಲವೇ ಪೂರ್ತಿ ಪ್ಲಾಸ್ಟಿಕ್ಕಿನದಿರಲಿ, ಎರಡರ ಬೆರಕೆ ಬೇಡ.

ಸಿಲಿಂಡರ್ ಮೀಟರ್ ಫುಲ್ ತೋರಿಸ್ತಿತ್ತು, ಅರ್ಧ ಕೇಸಿಗೆ ಖಾಲಿ ಆಯ್ತು. ಮೀಟರ್ ಕೆಟ್ಟಿದೆಯಾ?

ಮೀಟರ್ ಸರಿಯಾಗೇ ಇದೆ. ಸಿಲಿಂಡರಿನಲ್ಲಿ ಕಾರ್ಬನ್ ಡೈಆಕ್ಸೈಡ್ ದ್ರವವಾಗಿರುತ್ತದೆ. ದ್ರವ ಒಂದು ಲೋಟದಷ್ಟಿದ್ದರೂ ಒತ್ತಡ ಅಷ್ಟೇ ತೋರಿಸುತ್ತದೆ, ದ್ರವ ಮುಗಿದ ಮೇಲೆ ಸರ್ರನೆ ಇಳಿಯುತ್ತದೆ. ಎಷ್ಟಿದೆಯೆಂದು ತಿಳಿಯಲು ತೂಕ ಹಾಕಬೇಕು. ಖಾಲಿ ತೂಕವನ್ನು ಸಿಲಿಂಡರಿನ ಮೇಲೆ ಕೊರೆದಿರುತ್ತಾರೆ. ನಮ್ಮ ಊರಿನ ಇನ್ನೊಂದು ತೊಡಕು ಬಿಸಿಲು. 31 ಡಿಗ್ರಿ ದಾಟಿದರೆ ಈ ಗ್ಯಾಸು ದ್ರವವಾಗಿ ಉಳಿಯುವುದಿಲ್ಲ, ಒತ್ತಡ ಏರುತ್ತಲೇ ಹೋಗುತ್ತದೆ. ಬೇಸಿಗೆಯಲ್ಲಿ ಸಿಲಿಂಡರನ್ನು ಹಿತ್ತಲಿನ ಬಿಸಿಲಲ್ಲಿ ನಿಲ್ಲಿಸಬೇಡಿ. ತುಂಬಿದ ಇನ್ನೊಂದು ಸಿಲಿಂಡರ್ ಥಿಯೇಟರಿನೊಳಗೇ ಇರಲಿ.

ಲೈಟ್ ಕೇಬಲ್ ಬದಲಿಸುವ ಹೊತ್ತಾಗಿದೆ ಅಂತ ಹೆಂಗೆ ತಿಳಿಯೋದು?

ಒಂದು ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ತುದಿ ನೋಡಿ. ಕಪ್ಪು ಚುಕ್ಕೆಗಳು ಒಳಗೆ ಮುರಿದ ಗಾಜಿನ ಎಳೆಗಳು. ಕಾಲುಭಾಗ ಕಪ್ಪಾದರೆ ಬದಲಿಸಿ. ಬಿಗಿಯಾಗಿ ಸುತ್ತಿಡಬೇಡಿ. ಉರಿಯುತ್ತಿರುವ ಕೇಬಲ್ಲಿನ ತುದಿಯನ್ನು ರೋಗಿಯ ಮೇಲಿನ ಬಟ್ಟೆಯ ಮೇಲೆ ಬಿಟ್ಟರೆ ಬಟ್ಟೆ ಸುಟ್ಟು ಚರ್ಮ ತಲುಪುತ್ತದೆ.

ತಾಲೂಕಿನಲ್ಲಿ ನರ್ಸಿಂಗ್ ಹೋಮ್. ಲ್ಯಾಪ್ರೋಸ್ಕೋಪಿ ಶುರು ಮಾಡಬೇಕು, ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

4ಕೆ ಪರದೆಗೆ ಮೊದಲು ಹಾಕಬೇಡಿ. ನನ್ನ ಪ್ರಕಾರ ಮೊದಲ ಸ್ಥಾನ ನಿರ್ವಾತ ಪಂಪಿರುವ ಆಟೋಕ್ಲೇವಿಗೆ. ಕುಕ್ಕರಿನಂತೆ ಹಬೆ ತುಂಬುವ ಹಳೆಯ ಬಗೆಯದರಲ್ಲಿ ಉದ್ದ ಕೊಳವೆಯೊಳಗಿನ ಗಾಳಿ ಹೊರಗೆ ಹೋಗದೆ ಹಬೆಗೆ ದಾರಿ ಸಿಗುವುದಿಲ್ಲ. ಆಮೇಲೆ ಅಲಾರಂ ಸರಿಯಾಗಿ ಕೂಗುವ ಇನ್ಸಫ್ಲೇಟರ್, 30 ಡಿಗ್ರಿ ಓರೆಯಾಗಿ ನೋಡುವ ಒಳ್ಳೆಯ ಟೆಲಿಸ್ಕೋಪ್ ಎರಡು, ಕೈ ಸಾಮಾನಿನ ಎರಡು ಸೆಟ್ಟು. ಎರಡನೇ ಸೆಟ್ಟಿಲ್ಲದಿದ್ದರೆ ತೊಳೆಯುವವರನ್ನು ಅವಸರಪಡಿಸುತ್ತೀರಿ. ಬೆಳಕಿಗೆ ಎಲ್‌ಇಡಿ ಸಾಕು. ಕ್ಸೆನಾನ್ ಬಲ್ಬು 500 ಗಂಟೆಯ ಆಸುಪಾಸಿನಲ್ಲಿ ಬದಲಾಗಬೇಕು. ಕರೆಂಟು ಏರಿಳಿಯುವ ಊರಾದ್ದರಿಂದ ಆನ್‌ಲೈನ್ ಯುಪಿಎಸ್ ಇರಲೇಬೇಕು. ಕೊಳ್ಳುವ ಮೊದಲು ಸರ್ವಿಸ್ ಇಂಜಿನಿಯರ್ ಎಲ್ಲಿಂದ ಬರುತ್ತಾರೆಂದು ಕೇಳಿ. ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬರುವವರಾದರೆ ಅಷ್ಟು ದಿನ ಬದಲಿ ಯಂತ್ರ ಕೊಡುತ್ತೇವೆಂದು ಬರೆಸಿಕೊಳ್ಳಿ.

ಪಿಯುಸಿ ಸೈನ್ಸ್ ಮುಗಿದಿದೆ. ಈ ಕೆಲಸಕ್ಕೆ ಸೇರಬೇಕಂದ್ರೆ ಏನು ಓದಬೇಕಕ್ಕಾ?

ಆಪರೇಷನ್ ಥಿಯೇಟರ್ ಟೆಕ್ನಾಲಜಿಯಲ್ಲಿ ಡಿಪ್ಲೊಮಾ ಇದೆ, ಬಿಎಸ್ಸಿಯೂ ಇದೆ. ನನ್ನಂತೆ ನರ್ಸಿಂಗ್ ಓದಿಯೂ ಬರಬಹುದು. ಸಾಮಾನಿನ ಹೆಸರುಗಳು ಆರು ತಿಂಗಳಲ್ಲಿ ಬಾಯಿಗೆ ಬರುತ್ತವೆ. ಹೊಸಬರು ಬಂದ ಮೊದಲ ದಿನ ನಾನು ಅವರ ಕೈಗೆ ಕೊಡುವುದು ತೊಳೆದು ಮುಗಿಸಿದ, ಥಳಥಳ ಹೊಳೆಯುವ ಒಂದು ಇಕ್ಕಳ. ಬಿಚ್ಚಿ ಅದರ ಒಳಕೊಳವೆಗೆ ಬ್ರಷ್ ಹಾಕಿ, ಬಿಳಿ ಬಟ್ಟೆಯ ಮೇಲೆ ಉಜ್ಜು ಅನ್ನುತ್ತೇನೆ. ಬಟ್ಟೆಯ ಮೇಲೆ ಕಂದು ಗೆರೆ ಬಿದ್ದರೆ ಆ ಇಡೀ ಟ್ರೇ ಇಬ್ಬರೂ ಸೇರಿ ಮೊದಲಿನಿಂದ ತೊಳೆಯುತ್ತೇವೆ.